ಪಟ್ಟಿಯ ಬಲ, ಹೊಗೆಯ ಬಲ

ಹೊಂಬಳದಿಂದ ಗದುಗಿಗೆ ಬಾಡಿಗೆ ಕಾರು ನಡೆಸುವ ಗೃಹಸ್ಥರೊಬ್ಬರಿದ್ದಾರೆ. ಹೊಲ ಸ್ವಲ್ಪ, ಸಾಲ ಹೆಚ್ಚು. ಆ ಸಾಲದ ಬಹುಪಾಲು ಅವರ ಅಂಗಳದಲ್ಲಿಯೇ ನಾಲ್ಕು ಗಾಲಿಗಳ ಮೇಲೆ ನಿಂತಿರುತ್ತದೆ. ಅದು ಟರ್ಬೋಚಾರ್ಜರ್ ಉಳ್ಳ ಚಿಕ್ಕ ಡೀಸೆಲ್ ಕಾರು. ಆಸ್ಪತ್ರೆಗೆ ಹೋಗುವ ಗರ್ಭಿಣಿಯರನ್ನು, ಹುಬ್ಬಳ್ಳಿಯಲ್ಲಿ ರೈಲು ಹಿಡಿಯುವವರನ್ನು, ಮದುವೆಯ ಬೀಗರನ್ನು ಹೊತ್ತು ತಿರುಗಿದ ಆ ವಾಹನವು ಒಂದು ಬೇಸಿಗೆಯಲ್ಲಿ ನೀಲಿ ಹೊಗೆಯನ್ನು ಉಗುಳತೊಡಗಿತು. ಏರಿನಲ್ಲಿ ಎಳೆತ ಉಳಿಯಲಿಲ್ಲ. ಗದುಗಿನ ಹಿರಿಯ ಮಿಸ್ತ್ರಿಯೊಬ್ಬರು ಗಾಳಿಯ ಕೊಳವೆಯನ್ನು ಬಿಚ್ಚಿ, ಟರ್ಬೋದೊಳಗಿನ ಪುಟ್ಟ ಚಕ್ರವನ್ನು ಬೆರಳ ತುದಿಯಿಂದ ಅಲುಗಿಸಿ ತೋರಿಸಿದರು. ಅಲುಗಬಾರದಷ್ಟು ಅದು ಅಲುಗುತ್ತಿತ್ತು. ಹೊಸದನ್ನು ಹಾಕಿಸುವ ಖರ್ಚು ಬ್ಯಾಂಕಿನ ಕಂತುಗಳನ್ನೇ ನುಂಗುವಂತಿತ್ತು.

ಜೊತೆಗೆ ಬಂದಿದ್ದ ಸೋದರಳಿಯನು ಐ.ಟಿ.ಐ. ವಿದ್ಯಾರ್ಥಿ. "ಮಾಮಾ, ಇದರ ಬದಲಿ ಸೂಪರ್‌ಚಾರ್ಜರ್ ಇದ್ದಿದ್ರ ಹಿಂಗ ಆಗ್ತಿರಲಿಲ್ಲ" ಎಂದನು. ಮಿಸ್ತ್ರಿಯವರು ನಕ್ಕರು, ಆದರೆ ಹುಡುಗನ ಮಾತನ್ನು ತಳ್ಳಿಹಾಕಲಿಲ್ಲ. ಅದರಲ್ಲಿ ಅರ್ಧ ಸತ್ಯವಿತ್ತು.

ಎಂಜಿನಿನ ಬಲವೆಂಬುದು ಮೂಲತಃ ಗಾಳಿಯ ಲೆಕ್ಕ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 15 ತೂಕ ಗಾಳಿ ಬೇಕು. ಇಂಧನವನ್ನು ಹೆಚ್ಚಿಗೆ ಸುರಿಯುವುದು ಸುಲಭ. ಚಿಕ್ಕ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ತುಂಬುವುದೇ ಕಷ್ಟ. ಈ ಕೆಲಸವನ್ನು ಸೂಪರ್‌ಚಾರ್ಜರ್ ಎಂಜಿನಿನ ದಂಡದಿಂದಲೇ ಪಟ್ಟಿಯ ಮೂಲಕ ಬಲವನ್ನು ಪಡೆದು ಮಾಡುತ್ತದೆ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರವು ಅದರ ಪೂರ್ವಜರಲ್ಲೊಂದು. ಟರ್ಬೋಚಾರ್ಜರ್ ಆದರೋ ಹೊರಗೆ ಹೋಗುವ ಬಿಸಿ ಹೊಗೆಯಿಂದಲೇ ತಿರುಗುತ್ತದೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದರು. ಮೊದಲನೆಯದು ದುಡಿದ ಕೂಲಿಯಲ್ಲಿ ಪಾಲು ಕೇಳುತ್ತದೆ. ಎರಡನೆಯದು ಬಹುಮಟ್ಟಿಗೆ ಬಿಸಾಡಿದ್ದನ್ನು ಆಯ್ದು ತಿನ್ನುತ್ತದೆ. ಹೊಗೆಯ ದಾರಿಗೆ ಅದು ಒಡ್ಡುವ ತಡೆಯ ಬೆಲೆಯೂ ಉಂಟೆನ್ನುವುದನ್ನು ಮಾತ್ರ ಮರೆಯಲಾಗದು.

ಬಲವೆಂದರೆ ಅಶ್ವಶಕ್ತಿಯೊಂದೇ ಎಂದು ತಿಳಿಯುವವರು ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೋಟಾ ಎಟಿಯೋಸ್ ಲಿವಾ ಕಾರನ್ನು ನೆನೆಯಬಹುದು. 2011ರಲ್ಲಿ ಬಂದ ಅದರ 1.2 ಲೀಟರ್ ಪೆಟ್ರೋಲ್ ಎಂಜಿನಿಗೆ 80 ಅಶ್ವಶಕ್ತಿ, 1.4 ಲೀಟರ್ ಟರ್ಬೋ ಡೀಸೆಲಿಗೆ 68. ಆದರೆ ತಿರುಗುಬಲದಲ್ಲಿ, ಅಂದರೆ ಚಾಲಕರು ಎಳೆತವೆನ್ನುವುದರಲ್ಲಿ, ಪೆಟ್ರೋಲಿನದು 104 ನ್ಯೂಟನ್ ಮೀಟರ್, ಡೀಸೆಲಿನದು 170. ಐದು ಜನರೂ ಅವರ ಗಂಟುಮೂಟೆಗಳೂ ಕುಳಿತ ಕಾರು ಏರು ಹತ್ತುವಾಗ ಯಾವ ಅಂಕಿ ಕೆಲಸಕ್ಕೆ ಬರುತ್ತದೆಂಬುದನ್ನು ಹೊಂಬಳದ ಆ ಗೃಹಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೆಟ್ರೋಲಿನಲ್ಲಿ ಎರಡನ್ನೂ ಎದುರುಬದುರು ನಿಲ್ಲಿಸುವುದಾದರೆ, 2011ರಲ್ಲಿ ಯುರೋಪಿನಲ್ಲಿ ನಿಸಾನ್ ಮೈಕ್ರಾಕ್ಕೆ ಸೂಪರ್‌ಚಾರ್ಜರ್ ಉಳ್ಳ 1.2 ಲೀಟರ್ ಎಂಜಿನ್ ಬಂದಿತು: 98 ಅಶ್ವಶಕ್ತಿ, 142 ನ್ಯೂಟನ್ ಮೀಟರ್. 2013ರಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ.ಯ ಟರ್ಬೋ ಎಂಜಿನೂ 1.2 ಲೀಟರಿನದೇ: 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್. ನಿಸಾನಿನ ಗುರಿ ಇಂಧನದ ಉಳಿತಾಯವಾಗಿದ್ದುದರಿಂದ ಈ ತೂಗುವಿಕೆ ಪೂರ್ತಿ ನ್ಯಾಯವಾದುದಲ್ಲ. ಆದರೂ ಗಾಳಿ ಎತ್ತ ಬೀಸಿತೆಂಬುದು ಇದರಿಂದ ತಿಳಿಯುತ್ತದೆ. ಕೆಳವೇಗದಲ್ಲಿ ಸೂಪರ್‌ಚಾರ್ಜರಿನ ಸ್ಪಂದನ ತಡವಿಲ್ಲದ್ದು. ಟರ್ಬೋ ಹೊಗೆ ಹೆಚ್ಚುವವರೆಗೆ ಕಾಯಬೇಕು. ಈ ಕೊರತೆಯನ್ನು ನೀಗಲೆಂದು 2005ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆಯು ಎರಡನ್ನೂ ಒಂದೇ 1.4 ಲೀಟರ್ ಎಂಜಿನಿಗೆ ಜೋಡಿಸಿ 170 ಅಶ್ವಶಕ್ತಿಯನ್ನು ಪಡೆಯಿತು. ಮುಂದೆ ಟರ್ಬೋಗಳೇ ಸುಧಾರಿಸಿ ಆ ಜೋಡಣೆ ಮರೆಗೆ ಸರಿಯಿತು.

ಇನ್ನು ಬಾಳಿಕೆಯ ಮಾತು. ಇಲ್ಲಿ ಸೋದರಳಿಯನ ಪಕ್ಷ ಗಟ್ಟಿಯಾದುದು. ಸೂಪರ್‌ಚಾರ್ಜರ್ ಹೊಗೆಯ ಬೆಂಕಿಯಿಂದ ದೂರ ಕುಳಿತಿರುತ್ತದೆ. ಪಟ್ಟಿ ಸವೆಯುತ್ತದೆ, ಬೇರಿಂಗು ಸದ್ದು ಮಾಡುತ್ತದೆ, ಅಷ್ಟೇ. ಟರ್ಬೋದ ಪುಟ್ಟ ದಂಡವಾದರೋ ನಿಮಿಷಕ್ಕೆ 1 ಲಕ್ಷದಿಂದ 2 ಲಕ್ಷ ಸುತ್ತು ತಿರುಗುತ್ತದೆ. ಅದರ ಒಂದು ತುದಿಯನ್ನು ತಾಕುವ ಹೊಗೆ ಡೀಸೆಲ್ ಎಂಜಿನಿನಲ್ಲಿ 700 ಡಿಗ್ರಿ ಸೆಲ್ಸಿಯಸ್ಸನ್ನೂ ಪೆಟ್ರೋಲ್ ಎಂಜಿನಿನಲ್ಲಿ 900 ಡಿಗ್ರಿಯನ್ನೂ ದಾಟಬಲ್ಲದು. ಲೋಹಕ್ಕೆ ಲೋಹ ತಾಗದಂತೆ ಆ ದಂಡವನ್ನು ತೇಲಿಸುವುದು ಎಣ್ಣೆಯ ತೆಳುವಾದ ಪೊರೆಯೊಂದೇ. ಎಂಜಿನ್ ನಿಂತೊಡನೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಕಾದ ಲೋಹದೊಳಗೆ ಉಳಿದ ಎಣ್ಣೆ ಸೀದು ಕರಿಯಾಗಿ ದಾರಿಯನ್ನು ಕಟ್ಟುತ್ತದೆ. ಈಚಿನ ಪೆಟ್ರೋಲ್ ಕಾರುಗಳಲ್ಲಿ ಟರ್ಬೋದ ನಡುಭಾಗಕ್ಕೆ ನೀರಿನ ತಂಪನ್ನೂ ಒದಗಿಸಿರುವುದು ಇದೇ ಕಾರಣದಿಂದ. ಎರೆಹೊಲದ ಧೂಳು ಗಾಳಿಯ ಜಾಲರಿಯನ್ನು ತುಂಬಿಕೊಂಡರಂತೂ ಕಷ್ಟ ಇಮ್ಮಡಿ.

ಆದರೆ ಹುಡುಗನು ಮರೆತ ಅಂಶವೊಂದಿತ್ತು. ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ಟುಗಳಿಗೆ ಒತ್ತಡ ಪಟ್ಟಿಯಿಂದ ಬಂದರೂ ಹೊಗೆಯಿಂದ ಬಂದರೂ ಒತ್ತಡವೇ. ಅವನ್ನು ಅದಕ್ಕೆ ತಕ್ಕಂತೆ ಗಟ್ಟಿಯಾಗಿ ಮಾಡದಿದ್ದರೆ ಎರಡೂ ಒಂದೇ ಬಗೆಯಲ್ಲಿ ಎಂಜಿನನ್ನು ತಿನ್ನುತ್ತವೆ.

ಮಿಸ್ತ್ರಿಯವರು ಗೃಹಸ್ಥರತ್ತ ತಿರುಗಿ, "ಹುಬ್ಬಳ್ಳಿಯಿಂದ ಜೋರ್ ಓಡಿಸ್ಕೊಂತ ಬಂದು, ನಿಂತ ಕೂಡ್ಲೇ ಚಾವಿ ತಿರುವ್ತೀರಿ ಹೌದಲ್ರೀ?" ಎಂದು ಕೇಳಿದರು.

"ಹೌದ್ರೀ. ಡೀಸೆಲ್ ಉಳೀತೈತಲ್ರೀ."

"ಹೊಲದಾಗ ದುಡದು ಬೆವತ ಎತ್ತಿಗೆ ಬಂದ ಕೂಡ್ಲೇ ನೀರ್ ಕುಡಸ್ತೀರೇನ್ರೀ? ಸ್ವಲ್ಪ ದಣಿವಾರಿಸ್ತೀರಿ. ಇದಕ್ಕೂ ಹಂಗರೀ. ಎಣ್ಣಿ ಬದಲಿ ಮಾಡಿ ಎಷ್ಟ್ ದಿನಾತು?"

ಗೃಹಸ್ಥರು ಉತ್ತರಿಸಲಿಲ್ಲ. ಸೋದರಳಿಯನು ಮತ್ತೆ ಸೂಪರ್‌ಚಾರ್ಜರಿನ ಮಾತೆತ್ತಲು, "ತಂದ್ಕೊಡಪಾ ತಮ್ಮಾ, ಹಾಕ್ತೀನಿ. ಗದಗದಾಗ ಎಲ್ಲಿ ಸಿಗ್ತೈತಿ ಅದು?" ಎಂದರು ಮಿಸ್ತ್ರಿ. ಈ ದೇಶದ ಸಾಮಾನ್ಯ ಚಿಕ್ಕ ಕಾರುಗಳಲ್ಲಿ ಸೂಪರ್‌ಚಾರ್ಜರ್ ಬೇರೂರಲೇ ಇಲ್ಲ. ಸಿಗದ ಬಿಡಿಭಾಗದ ಬಾಳಿಕೆ ಎಷ್ಟಿದ್ದರೇನು!

ಕೈಗಡ ತಂದು ಟರ್ಬೋ ಹಾಕಿಸಲಾಯಿತು. ಈಗ ಆ ಗೃಹಸ್ಥರು ಊರ ಅಗಸಿಗೆ ಮುನ್ನವೇ ವೇಗವನ್ನು ಇಳಿಸುತ್ತಾರೆ. ಮನೆಯ ಮುಂದೆ ನಿಂತ ಮೇಲೂ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮೂವತ್ತರವರೆಗೆ ಎಣಿಸುತ್ತಾರೆ. ಅವಸರದ ಪ್ರಯಾಣಿಕರು ಅಷ್ಟರಲ್ಲಿ ಬಾಗಿಲು ತೆರೆದು ಇಳಿದಿರುತ್ತಾರೆ. ಎಣ್ಣೆ ಬದಲಿಸಿದ ಕಿಲೋಮೀಟರ್ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕದಲ್ಲಿದೆ. ಸೋದರಳಿಯನು ಮಾತ್ರ ಹಟ ಬಿಟ್ಟಿಲ್ಲ. ಅವನ ನೋಟುಬುಕ್ಕಿನ ಹಿಂಬದಿಯ ಹಾಳೆಗಳ ತುಂಬ ಪಟ್ಟಿ, ರಾಟೆಗಳ ಚಿತ್ರಗಳೇ ಇವೆ.