ಓದುವ ಮೊದಲೇ ಇಟ್ಟುಕೊಳ್ಳುವ ಹೆಸರು

ಪದವಿ ಮುಗಿಸಿದ ಮಕ್ಕಳಿಗೆ ಈಗ ಎರಡು ಕೆಲಸಗಳು ಒಟ್ಟಿಗೇ ಬಂದೊದಗುತ್ತವೆ. ಉದ್ಯೋಗವನ್ನು ಹುಡುಕುವುದು ಒಂದು. ಹುಡುಕುತ್ತಿರುವ ತಮ್ಮನ್ನು ಅಂತರ್ಜಾಲದಲ್ಲಿ ಒಂದು ‘ಬ್ರಾಂಡ್’ ಆಗಿ ನಿಲ್ಲಿಸುವುದು ಇನ್ನೊಂದು. ಎರಡನೆಯದೇ ಹೆಚ್ಚು ಹೊತ್ತು ನುಂಗುತ್ತದೆಂಬುದನ್ನು ನಾವು ಕಳೆದ ಎಂಟು ತಿಂಗಳಿಂದ ಪುರಸೈವಾಕ್ಕಂನ ನಮ್ಮ ಮನೆಯಲ್ಲೇ ಕಾಣುತ್ತಿದ್ದೇವೆ. ನಮ್ಮ ಮಗಳು ವಾಣಿಜ್ಯ ಪದವೀಧರೆ. ಬ್ರಾಂಡ್ ಎಂಬ ಮಾತನ್ನು ಸಾಬೂನಿಗೂ ಬೂಟಿಗೂ ಮಾತ್ರ ಬಳಸುತ್ತಿದ್ದ ಕಾಲದವರು ನಾವು. ಅದನ್ನು ಮನುಷ್ಯನಿಗೂ ಅಂಟಿಸಿ ಹೆಸರಾದ ಟಾಮ್ ಪೀಟರ್ಸ್ ಅವರ ಲೇಖನ 1997ರಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಬಂದಿತು. 2003ರಲ್ಲಿ ಲಿಂಕ್ಡ್‌ಇನ್ ತೆರೆದುಕೊಂಡಿತು. ಇವಳು ಹುಟ್ಟುವ ಹೊತ್ತಿಗೆ ಎಲ್ಲವೂ ಸಿದ್ಧವಾಗಿತ್ತು.

ಅಲ್ಲಿ ಹೆಸರಿನ ಕೆಳಗೆ ತನ್ನನ್ನು ತಾನು ಬಣ್ಣಿಸಿಕೊಳ್ಳಲು ಒಂದು ಸಾಲಿದೆ. ಅದರ ಮಿತಿ 220 ಅಕ್ಷರ. (‘ಶ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ನಾಲ್ಕು. ಕನ್ನಡದಲ್ಲಿ ಬರೆಯಹೊರಟವರು ಬೇಗ ಬಡವರಾಗುತ್ತಾರೆ.) ಮಗಳು ‘ಪ್ಯಾಷನೇಟ್’, ‘ಡೇಟಾ ಡ್ರಿವನ್’, ‘ಸ್ಟೋರಿಟೆಲರ್’ ಎಂದು ಬರೆದಿದ್ದಳು. ಅವಳ ಗೆಳತಿಯರ ಪುಟಗಳನ್ನೂ ತೆರೆದು ನೋಡಿದೆವು. ಹೆಸರನ್ನು ಮುಚ್ಚಿದರೆ ಯಾವುದು ಯಾರದೆಂದು ತಿಳಿಯದು. ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೆಂದು ಹೊರಟವರೆಲ್ಲ ಒಬ್ಬನೇ ದರ್ಜಿಯಲ್ಲಿ ಅಂಗಿ ಹೊಲಿಸಿದಂತಿತ್ತು.

ನಮಗೆ ಚುಚ್ಚಿದ್ದು ಭಾಷೆಗಳ ಪಟ್ಟಿ. ಪ್ರಾಥಮಿಕ ಪರಿಚಯದಿಂದ ಮಾತೃಭಾಷೆಯವರೆಗೆ ಅಲ್ಲಿ ಐದು ಮಟ್ಟಗಳಿವೆ. ಇವಳು 2006ರ ತಮಿಳು ಕಲಿಕೆಯ ಕಾಯಿದೆ ಬಂದಮೇಲೆ ಶಾಲೆಗೆ ಸೇರಿದವಳು. ತರಗತಿಯಲ್ಲಿ ತಮಿಳು ಮತ್ತು ಇಂಗ್ಲಿಷ್, ಮನೆಯಲ್ಲಿ ಕನ್ನಡ. ಅಜ್ಜಿಯೊಡನೆ ಜಗಳವಾಡುವಷ್ಟು ಕನ್ನಡ ಬಲ್ಲಳು. ಓದುವಾಗ ಮಾತ್ರ ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತದೆ. ಅದು ಆ ಐದರಲ್ಲಿ ಎಷ್ಟನೆಯ ಮಟ್ಟ? ಹೊರನಾಡಿನ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಾರದು. ಸಂದರ್ಶನಕ್ಕೆ ತಯಾರಿ ಮಾಡಿಸುವ ಒಬ್ಬರು ಅದನ್ನು ಸುಲಭವಾಗಿ ಬಗೆಹರಿಸಿದರು: ಚೆನ್ನೈಯಲ್ಲಿ ಕನ್ನಡದಿಂದ ಏನೂ ಆಗಬೇಕಾದ್ದಿಲ್ಲ, ಆ ಸಾಲನ್ನು ತೆಗೆದುಬಿಡಿ ಎಂದರು. ಮಗಳು ತೆಗೆದುಬಿಟ್ಟಳು. ಶಿಕ್ಷಣ ಸಾಲದ ಕಂತು ಬರುವ ಜೂನ್‌ನಿಂದ ಆರಂಭವಾಗುವ ಮನೆಯಲ್ಲಿ ಭಾಷಾಭಿಮಾನದ ಉಪನ್ಯಾಸಕ್ಕೆ ಬಾಯಿ ಬರುವುದಿಲ್ಲ.

ತನ್ನನ್ನು ಮಾರುಕಟ್ಟೆಗೆ ತಕ್ಕಂತೆ ಕತ್ತರಿಸಿಕೊಳ್ಳುವುದು ಈ ಪೀಳಿಗೆಯ ಚಾಳಿಯೆಂದು ಹಳಿಯುವಂತೆಯೂ ಇಲ್ಲ. ನಮ್ಮ ಪುರಸೈವಾಕ್ಕಂನಲ್ಲೇ ಅದಕ್ಕೊಂದು ಹಳೆಯ ನಿದರ್ಶನವಿದೆ. 1906ರಲ್ಲಿ ಮದರಾಸಿನಲ್ಲಿ ಹುಟ್ಟಿದ ನಾರಾಯಣಸ್ವಾಮಿ ಎಂಬ ಹುಡುಗ ಇಲ್ಲಿನ ಅಜ್ಜಿಯ ಮನೆಯಲ್ಲಿ ಒಂದು ನವಿಲು ಮತ್ತು ಒಂದು ಕೋತಿಯ ಸಹವಾಸದಲ್ಲಿ ಬೆಳೆದ. ಇಲ್ಲಿನ ಲೂಥರನ್ ಮಿಷನ್ ಶಾಲೆಗೆ ಹೋದ. ಮುಂದೆ ಮೈಸೂರಿಗೆ ತಂದೆಯ ಬಳಿ ಹೋಗಿ, 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಪಡೆದ. ಶಿಕ್ಷಕ ವೃತ್ತಿ ಸಿಕ್ಕಿತು, ಹಿಡಿಸಲಿಲ್ಲ. ಬಿಟ್ಟುಬಂದು ಬರೆಯುತ್ತ ಕುಳಿತ. ಬರವಣಿಗೆಯ ಮೊದಲ ವರ್ಷದ ಸಂಪಾದನೆ 9 ರೂಪಾಯಿ 12 ಆಣೆ. ಕಾದಂಬರಿಯ ಹಸ್ತಪ್ರತಿ ಲಂಡನ್ನಿನ ಪ್ರಕಾಶಕರಿಂದ ಹಿಂದಿರುಗಿತು. ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣ ಅದನ್ನು ಗ್ರಹಾಂ ಗ್ರೀನ್ ಅವರ ಕೈಗಿತ್ತರು. ಗ್ರೀನ್ ಓದಿದರು, ಮೆಚ್ಚಿದರು, ಪ್ರಕಾಶಕರನ್ನು ಹುಡುಕಿದರು; ಆಮೇಲೆ, ಇಷ್ಟುದ್ದದ ಹೆಸರು ಇಂಗ್ಲೆಂಡಿನ ಗ್ರಂಥಾಲಯಗಳಿಗೆ ಬರುವ ವೃದ್ಧೆಯರ ನೆನಪಿನಲ್ಲಿ ಉಳಿಯದೆಂದು ಸಂಕೋಚದಿಂದಲೇ ತಿಳಿಸಿದರು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂದಾಗ ಅದರ ಮೇಲಿದ್ದ ಹೆಸರು ಆರ್.ಕೆ. ನಾರಾಯಣ್.

ಹೆಸರು ಗಿಡ್ಡವಾದರೂ ಪುಸ್ತಕ ಮಾರಾಟವಾಗಲಿಲ್ಲವೆಂಬುದು ಈ ಕಥೆಯಲ್ಲಿ ನಮಗೆ ಪ್ರಿಯವಾದ ಭಾಗ. ಮುಂದಿನ ಎರಡು ಕಾದಂಬರಿಗಳಿಗೆ ಎರಡು ಬೇರೆ ಪ್ರಕಾಶಕರನ್ನು ಹುಡುಕಬೇಕಾಯಿತು. ಅವುಗಳಲ್ಲಿ ಒಂದು, 1937ರ ‘ದಿ ಬ್ಯಾಚುಲರ್ ಆಫ್ ಆರ್ಟ್ಸ್’, ಪದವಿ ಮುಗಿಸಿ ದಿಕ್ಕು ತೋಚದ ಚಂದ್ರನ್ ಎಂಬ ಯುವಕನದೇ ಕಥೆ. ಅವನು ಕೊನೆಗೆ ಮದರಾಸಿನ ಪತ್ರಿಕೆಯೊಂದರ ಏಜೆಂಟನಾಗಿ ಚಂದಾದಾರರನ್ನು ಎಣಿಸುತ್ತಾನೆ. ನಮ್ಮ ಮಗಳು ಫಾಲೋವರುಗಳನ್ನು ಎಣಿಸುವುದಕ್ಕಿಂತ ಅದು ಘನವಾದ ಎಣಿಕೆ. ಚಂದಾದಾರರು ಹಣ ಕೊಡುತ್ತಿದ್ದರು.

ಆದರೆ ಒಂದು ವ್ಯತ್ಯಾಸ ನಮ್ಮನ್ನು ಬಿಡದೆ ಕಾಡುತ್ತದೆ. ನಾರಾಯಣಸ್ವಾಮಿಯ ಹೆಸರಿಗೆ ಕತ್ತರಿ ಹಾಕಿದವರು ಹಸ್ತಪ್ರತಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ್ದ ಒಬ್ಬ ಓದುಗ. ದಾಸ ಪರಂಪರೆಯಲ್ಲಿಯೂ ಅಂಕಿತವನ್ನು ಶಿಷ್ಯ ತಾನೇ ಇಟ್ಟುಕೊಳ್ಳುತ್ತಿರಲಿಲ್ಲ. ಗೋಪಾಲದಾಸರಿಗೆ ವಿಜಯದಾಸರಿದ್ದಂತೆ, ಅವನನ್ನು ಬಲ್ಲ ಗುರು ಕೊಡುತ್ತಿದ್ದರು. ಈಗಿನ ಮಕ್ಕಳದು ತಲೆಕೆಳಗಾದ ಕ್ರಮ. ಒಬ್ಬರೂ ಏನನ್ನೂ ಓದುವುದಕ್ಕೆ ಮೊದಲೇ ಇಪ್ಪತ್ತೊಂದರ ಹುಡುಗಿ ತನಗೆ ತಾನೇ ಗ್ರೀನ್ ಆಗಬೇಕು, ತನ್ನ ಹಸ್ತಪ್ರತಿಯೂ ತಾನೇ ಆಗಬೇಕು. ಎಲ್ಲಿ ಕತ್ತರಿಸಬೇಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಕೈಗೆ ಮೊದಲು ಸಿಕ್ಕಿದ್ದನ್ನು ಕತ್ತರಿಸುತ್ತಾಳೆ, ಸಿಕ್ಕಿದ್ದು ಕನ್ನಡ.

ಓದಿಸಲು ಅವಳಲ್ಲಿ ಏನೂ ಇರಲಿಲ್ಲವೆಂದಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಪುರಸೈವಾಕ್ಕಂ ಹೈರೋಡಿನ ಮೂವತ್ತೆರಡು ಬಟ್ಟೆ ಮತ್ತು ಪಾತ್ರೆ ಅಂಗಡಿಗಳಿಗೆ ಹೋಗಿ, ಉದ್ದರಿ ಕೊಟ್ಟ ಹಣ ಎಷ್ಟು ದಿನಕ್ಕೆ ಮರಳುತ್ತದೆಂದು ಬರೆದುಕೊಂಡಿದ್ದಳು. ಕೆಲವರು ತಮಿಳಿನಲ್ಲಿ, ಕೆಲವರು ಹಿಂದಿಯಲ್ಲಿ ಮಾತನಾಡಿದರು. ಲೆಕ್ಕದ ಪುಸ್ತಕವನ್ನೇ ತೆರೆದು ತೋರಿಸಿದ ಒಬ್ಬರು ಮಾತ್ರ ಇವಳ ಫೋನಿನಲ್ಲಿ ಕನ್ನಡ ಕೇಳಿಸಿಕೊಂಡ ಹೊಸೂರು ಕಡೆಯ ವ್ಯಾಪಾರಿ. ಇಪ್ಪತ್ತಾರು ಪುಟಗಳ ಆ ವರದಿ ಅವಳ ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಕಾಲೇಜಿನ ಹೋಮ್‌ವರ್ಕನ್ನು ಯಾರು ನೋಡುತ್ತಾರೆ ಎಂಬುದು ಅವಳ ವಾದ. ನಾವು ಕೇಳಿದ್ದು ಒಂದೇ: ಸ್ಟೋರಿಟೆಲರ್ ಎಂದು ಬರೆದ ಮೇಲೆ ಆ ಸ್ಟೋರಿ ಎಲ್ಲಿ?

ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ವರದಿ, ಅಂಗಡಿಗಳ ಹೆಸರನ್ನು ಅಳಿಸಿಕೊಂಡು, ಪುಟಕ್ಕೆ ಏರಿತು. ಮೂರು ವಿಶೇಷಣಗಳು ಹೋಗಿ, ‘ಸಣ್ಣ ಅಂಗಡಿಗಳ ಸಾಲ ವಸೂಲಿಯ ಅಧ್ಯಯನ’ ಎಂಬರ್ಥದ ಇಂಗ್ಲಿಷ್ ಸಾಲು ಬಂತು. ಭಾಷೆಗಳ ಪಟ್ಟಿಗೆ ಕನ್ನಡವೂ ಮರಳಿದೆ; ಯಾವ ಮಟ್ಟವನ್ನೂ ಆರಿಸದೆ ಹಾಗೆಯೇ ಬಿಟ್ಟಿದ್ದಾಳೆ. ಉದ್ಯೋಗವಿನ್ನೂ ಸಿಕ್ಕಿಲ್ಲ. ಕೊಯಮತ್ತೂರಿನಿಂದ ಅಪರಿಚಿತರೊಬ್ಬರು, ಹದಿನೇಳನೆಯ ಪುಟದ ಕೋಷ್ಟಕದಲ್ಲಿ ಪಾತ್ರೆ ಅಂಗಡಿಗಳ ಉದ್ದರಿ ಬಟ್ಟೆ ಅಂಗಡಿಗಳಿಗಿಂತ ಬೇಗ ಮರಳುವುದೇಕೆಂದು ಕೇಳಿ ಬರೆದಿದ್ದಾರೆ. ನಿನ್ನೆ ಸಂಜೆ ಅವಳು ಹಳೆಯ ನೋಟುಪುಸ್ತಕವನ್ನು ಹಿಡಿದು ಮತ್ತೆ ಹೈರೋಡಿಗೆ ಹೋಗಿದ್ದಳು.