ಒಂದು ‘ಲಿ’ಯ ಅವಾಂತರ

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ನಮ್ಮ ಇಂಗ್ಲಿಷ್ ಅಧ್ಯಾಪಕರು ಒಂದು ವಾಕ್ಯವನ್ನು ಗಟ್ಟಿಯಾಗಿ ಓದಿದರು: “ಐ ಸ್ಟಡೀಡ್ ಹಾರ್ಡ್ಲಿ ಫಾರ್ ದಿ ಎಕ್ಸಾಮಿನೇಶನ್.” ಅಧ್ಯಾಪಕರ ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ನಗು ಅರ್ಧದಲ್ಲೇ ನಿಂತಿತು. ಬರೆದ ಹುಡುಗ ರಾತ್ರಿ ಹನ್ನೊಂದರವರೆಗೆ ಕುಳಿತು ಓದುವವನೆಂದು ನಮಗೆ ಗೊತ್ತಿತ್ತು. ಅದೂ ಅಲ್ಲದೆ, ಅದೇ ತಪ್ಪನ್ನು 1994ರಲ್ಲಿ ನಾವೇ ಮಾಡಿದ್ದೆವು. ನಮ್ಮ ತಪ್ಪು ಅಂಕ ಕಳೆದುಕೊಳ್ಳುವುದರಲ್ಲಿ ಮುಗಿಯುವಂತಹದ್ದಾಗಿರಲಿಲ್ಲ.

ಕನ್ನಡ ಕಲಿಸುವವರಿಗೆ ಇಂಗ್ಲಿಷಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮಂಥವರಿಗೆ ಒಂದೇ ಭಾಷೆಯಲ್ಲಿ ಬದುಕುವ ಸೌಕರ್ಯ ಉಳಿಯಲಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಅರ್ಜಿ ಬರೆಯುವುದಿದ್ದರೆ ಇಂಗ್ಲಿಷ್!

ಹತ್ತನೆಯ ತರಗತಿಗೆ ಬಂದ ವರ್ಷ ನಮಗೆ ಅಂತಹ ಒಂದು ಅರ್ಜಿ ಬರೆಯುವ ಪ್ರಸಂಗ ಬಂತು. ಬಡ ವಿದ್ಯಾರ್ಥಿಗಳಿಗೆ ಪುಸ್ತಕ ಮತ್ತು ಶುಲ್ಕಕ್ಕಾಗಿ ಸಹಾಯ ನೀಡುವ ಸಂಸ್ಥೆಯೊಂದಿತ್ತು. ಮನೆಯ ಸ್ಥಿತಿಗತಿಯನ್ನು ಇಂಗ್ಲಿಷಿನಲ್ಲಿ ವಿವರಿಸಿ ಬರೆಯಬೇಕಿತ್ತು. ನಮ್ಮ ತಂದೆಯವರು ಪರರ ಅಡಿಕೆ ತೋಟಗಳಲ್ಲಿ ದುಡಿಯುವವರು. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮದ್ದು ಬಿಡುವುದು, ಆಮೇಲೆ ಕೊನೆ ತೆಗೆಯುವುದು. ಅವರ ದುಡಿಮೆಯನ್ನು ನಾಲ್ಕು ಮಂದಿಗೆ ತಿಳಿಯುವಂತೆ ಬರೆಯಬೇಕೆಂಬ ಆಸೆ ನಮಗೆ.

ವ್ಯಾಕರಣದಲ್ಲಿ ನಾವು ಹಿಂದುಳಿದವರಾಗಿರಲಿಲ್ಲ. ‘ಲಿ’ ಎಂದರೆ ನಮ್ಮ ‘ಆಗಿ’ ಎಂದು ಬಾಯಿಪಾಠ ಮಾಡಿಕೊಂಡಿದ್ದೆವು. ಸ್ಲೋ ಎಂದರೆ ನಿಧಾನ, ಸ್ಲೋಲಿ ಎಂದರೆ ನಿಧಾನವಾಗಿ. ಹಾಗಾದರೆ ಹಾರ್ಡ್ ಎಂದರೆ ಕಷ್ಟ, ಹಾರ್ಡ್ಲಿ ಎಂದರೆ ಕಷ್ಟಪಟ್ಟು. ‘ಆಲ್ವೇಸ್’ ಮುಂತಾದವು ಕ್ರಿಯಾಪದದ ಮೊದಲು ಬರುತ್ತವೆಂಬ ನಿಯಮವೂ ನೆನಪಿತ್ತು. ಎರಡನ್ನೂ ಕೂಡಿಸಿ, ದುಂಡಗಿನ ಅಕ್ಷರಗಳಲ್ಲಿ ಬರೆದೆವು: “ಮೈ ಫಾದರ್ ಹಾರ್ಡ್ಲಿ ವರ್ಕ್ಸ್.” ಬರೆದು, ನಾಲ್ಕು ಸಲ ಓದಿ, ಸಂತೋಷಪಟ್ಟೆವು.

ಜುಲೈ ತಿಂಗಳಲ್ಲಿ ಕರೆ ಬಂತು, ತಂದೆಯನ್ನೂ ಕರೆತರಬೇಕೆಂದಿತ್ತು. ಅಂದು ವಾರದ ಬಳಿಕ ಮಳೆ ಹೊಳವಾಗಿತ್ತು. ಮದ್ದು ಬಿಡುವವರಿಗೆ ಅಂತಹ ಒಂದು ದಿನ ಎಷ್ಟು ಅಮೂಲ್ಯವೆಂದು ತೋಟವಿದ್ದವರಿಗೂ, ತೋಟದಲ್ಲಿ ದುಡಿಯುವವರಿಗೂ ಹೇಳಬೇಕಾಗಿಲ್ಲ. ಆ ದಿನದ ಕೂಲಿಯನ್ನು ಬಿಟ್ಟು, ಒಗೆದ ಅಂಗಿ ತೊಟ್ಟು, ಅವರು ನಮ್ಮೊಡನೆ ಬಸ್ಸು ಹತ್ತಿದರು.

ಮೇಜಿನ ಆಚೆ ಮೂವರು ಗೃಹಸ್ಥರು ಕುಳಿತಿದ್ದರು. ಒಬ್ಬರು ಅರ್ಜಿಯನ್ನು ನೋಡಿ, ತಂದೆಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೆಲಸಕ್ಕೆ ಹೋಗುವುದಿಲ್ಲವೋ?” ಎಂದು ಕೇಳಿದರು.

“ಇವತ್ತು ಹೋಗ್ಲಿಲ್ಲ ಧನಿಗಳೇ,” ಎಂದರು ತಂದೆಯವರು ಕೈಕಟ್ಟಿಕೊಂಡು.

“ಇವತ್ತಿನ ಮಾತಲ್ಲ. ಮೈಯಲ್ಲಿ ಶಕ್ತಿ ಇದ್ದೂ ದುಡಿಯದಿದ್ದರೆ, ಮಕ್ಕಳನ್ನು ಪರರು ಓದಿಸಬೇಕೋ? ಕುಡಿತ ಉಂಟೋ?”

ತಂದೆಯವರು ಏನೂ ತಿಳಿಯದೆ ನಮ್ಮ ಮುಖ ನೋಡಿದರು. ನಮಗೂ ಏನೂ ತಿಳಿದಿರಲಿಲ್ಲ. ಸೀಸೆಯನ್ನೇ ಮುಟ್ಟದ ಮನುಷ್ಯನಿಗೆ ಈ ಮಾತು ಎಲ್ಲಿಂದ ಬಂತು?

ಕೊನೆಯಲ್ಲಿ ಕುಳಿತಿದ್ದ ಮಲಯಾಳಿ ಹಿರಿಯರೊಬ್ಬರು ಅಷ್ಟರವರೆಗೆ ಮಾತಾಡಿರಲಿಲ್ಲ. ಅವರು ತಂದೆಯವರ ಕೈಗಳನ್ನೇ ನೋಡುತ್ತಿದ್ದರು. ಮೈಲುತುತ್ತಿನ ನೀಲಿ ಉಗುರುಸಂದಿಯಲ್ಲಿ ಕುಳಿತರೆ ಎಷ್ಟು ಸೋಪು ಹಾಕಿದರೂ ಹೋಗದು. ಅವರು ಅರ್ಜಿಯನ್ನು ತಮ್ಮೆಡೆಗೆ ಎಳೆದು ಓದಿ, ‘ಹಾರ್ಡ್ಲಿ’ ಎಂದು ಏಕೆ ಬರೆದೆ ಎಂದು ನಮ್ಮನ್ನು ಕೇಳಿದರು. ‘ಕಷ್ಟಪ್ಪೆಟ್ಟ್’ ಎನ್ನಲು ಎಂದು ಪೇಟೆಯ ಮಲಯಾಳದಲ್ಲಿ ಉತ್ತರಿಸಿದೆವು. ಅವರು ನಕ್ಕುಬಿಟ್ಟರು.

“ಮೋನೇ, ಕಷ್ಟಪ್ಪೆಟ್ಟ್ ವೇರೆ, ಕಷ್ಟಿಚ್ಚ್ ವೇರೆ.”

ಮಲಯಾಳ ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದರ ಮೇಲೆ ಬೇರೆ ವಿವರಣೆ ಬೇಡ. ಮೊದಲನೆಯದು ಶ್ರಮಪಟ್ಟು, ಎರಡನೆಯದು ಅಂತೂ ಇಂತೂ, ಇದ್ದೂ ಇಲ್ಲದಷ್ಟು. ಹಾರ್ಡ್ ಎನ್ನುವುದು ಕಷ್ಟಪ್ಪೆಟ್ಟ್, ಹಾರ್ಡ್ಲಿ ಎನ್ನುವುದು ಕಷ್ಟಿಚ್ಚ್. ನಮ್ಮ ತಂದೆ ಕೆಲಸವನ್ನೇ ಮಾಡುವುದಿಲ್ಲವೆಂದು ನಾವೇ ಸಹಿ ಹಾಕಿ ಕೊಟ್ಟಿದ್ದೆವು! ಹಿರಿಯರು ‘ಲಿ’ಯನ್ನು ಹೊಡೆದುಹಾಕಿ, ಉಳಿದ ‘ಹಾರ್ಡ್’ ಅನ್ನು ಬಾಣದ ಗುರುತು ಎಳೆದು ‘ವರ್ಕ್ಸ್’ನ ಆಚೆಗೆ ದಾಟಿಸಿದರು. ಕುಡಿತದ ಮಾತು ಎತ್ತಿದವರು ಕನ್ನಡಕ ಒರೆಸಿಕೊಂಡರು.

ಇಲ್ಲಿ ಸ್ವಲ್ಪ ಪಾಠ ಹೇಳಿಬಿಡುತ್ತೇವೆ. ತಂದೆತಾಯಂದಿರು ಬೇಕಿದ್ದರೆ ಬಿಟ್ಟು ಮುಂದೆ ಓದಬಹುದು. ಹಾರ್ಡ್ ಎಂಬುದಕ್ಕೆ, ಫಾಸ್ಟ್ ಎಂಬುದರಂತೆ, ‘ಆಗಿ’ಯ ಅರ್ಥಕ್ಕಾಗಿ ಬಾಲ ಅಂಟಿಸಬೇಕಾಗಿಲ್ಲ; ಅದು ಇದ್ದ ಹಾಗೆಯೇ ಕ್ರಿಯಾವಿಶೇಷಣವಾಗಿ ಕ್ರಿಯಾಪದದ ನಂತರ ಬರುತ್ತದೆ. ಹಾರ್ಡ್ಲಿ ಸಾಮಾನ್ಯವಾಗಿ ಮೊದಲು ಬರುತ್ತದೆ. ಅದರ ಹೊಟ್ಟೆಯೊಳಗೇ ‘ಇಲ್ಲ’ ಅಡಗಿರುವುದರಿಂದ ಜೊತೆಗೆ ‘ನಾಟ್’ ಸೇರಿಸಬಾರದು. “ಹಿ ಹಾರ್ಡ್ಲಿ ಸ್ಪೀಕ್ಸ್” ಎಂಬುದಕ್ಕೆ ಬಾಲಪ್ರಶ್ನೆ “ಡಸ್ ಹಿ?” ಎಂದೇ ಹೊರತು “ಡಸಂಟ್ ಹಿ?” ಎಂದಲ್ಲ. ಪರೀಕ್ಷೆಯಲ್ಲಿ ಇದನ್ನು ಕೇಳುತ್ತಾರೆ, ನೆನಪಿರಲಿ.

ಇಷ್ಟು ವರ್ಷಗಳ ಮೇಲೆ ನಮಗೆ ಕಂಡ ಇನ್ನೊಂದು ಮಾತು. ನಾವು ಅಂದು ಮಾಡಿದ ಊಹೆ ತೀರ ಮೂರ್ಖತನದ್ದಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಹಾರ್ಡ್ಲಿ ಎಂದರೆ ಬಲವಾಗಿ, ಕಷ್ಟದಿಂದ ಎಂಬ ಅರ್ಥವೇ ಇತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಧನಿಕನಿಗೆ ಸ್ವರ್ಗಪ್ರವೇಶ ಎಷ್ಟು ಕಷ್ಟವೆಂದು ಹೇಳುವಲ್ಲಿ ಈ ಪದವೇ ಬಂದಿದೆ. ಕಷ್ಟದಿಂದ ಆಗುವಂಥದು ಆಗುವುದೇ ಅಪರೂಪವಾದ್ದರಿಂದ, ಅರ್ಥ ಸವೆದು ಸವೆದು ‘ಇಲ್ಲ’ದ ಹತ್ತಿರಕ್ಕೆ ಬಂದಿತು. ನಮ್ಮಲ್ಲಿಯೂ ಹಾಗೆಯೇ ಅಲ್ಲವೇ? “ಈ ಮಳೆಗೆ ಅವರು ಬರುವುದು ಕಷ್ಟ” ಎಂದಾಗ ನಾವು ಅವರ ಶ್ರಮವನ್ನು ಹೇಳುತ್ತಿಲ್ಲ. ಅಕ್ಕಿ ಕಡಿಮೆ ಹಾಕು ಎಂದು ಅಡುಗೆಮನೆಗೆ ಸೂಚನೆ ಕೊಡುತ್ತಿದ್ದೇವೆ. ಆ ಹುಡುಗನನ್ನು ಕರೆದು ಇದಿಷ್ಟನ್ನೂ ಹೇಳಿದೆವು. ತನ್ನ ತಪ್ಪಿಗೂ ಒಂದು ಚರಿತ್ರೆಯಿದೆಯೆಂದು ತಿಳಿದು ಅವನ ಮುಖ ಅರಳಿತು. ಅಂಕ ಮಾತ್ರ ಸಿಗಲಿಲ್ಲ.

ನಮಗೆ ಅಂದು ಸಹಾಯಧನ ಸಿಕ್ಕಿತು. ಹಿಂದಿರುಗುವಾಗ ಬಸ್ಸಿನಲ್ಲಿ ತಂದೆಯವರು, “ಅವರು ಯಾಕೆ ನಕ್ಕದ್ದು ಮಗಾ?” ಎಂದು ಕೇಳಿದರು. ಅಕ್ಷರ ತಪ್ಪಿತ್ತು ಎಂದೆವು. ಎರಡೇ ಅಕ್ಷರಗಳ ತಪ್ಪು, ಆದ್ದರಿಂದ ಅದು ಪೂರ್ತಿ ಸುಳ್ಳಲ್ಲ ಎಂದು ಬಹುಕಾಲ ಸಮಾಧಾನ ಹೇಳಿಕೊಂಡೆವು. ಕುಡಿತದ ಪ್ರಶ್ನೆ ಎಲ್ಲಿಂದ ಬಂತೆಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಉತ್ತರಪತ್ರಿಕೆಯ ಆ ಪ್ರಸಂಗ ನಡೆದ ಸಂಜೆ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು. ತಂದೆಯವರು ಮರ ಹತ್ತುವುದನ್ನು ಬಿಟ್ಟು ಬಹಳ ವರ್ಷವಾಯಿತು, ಮೊಣಕಾಲುಗಳು ಮಡಚುವುದಿಲ್ಲ. ಜಗಲಿಯಲ್ಲಿ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದರು. ‘ಹಾರ್ಡ್ಲಿ’ಯನ್ನು ಎರಡು ಸಲ ನಮ್ಮಿಂದ ಹೇಳಿಸಿಕೊಂಡರು.

“ಹಾಗಾದ್ರೆ ಈಗ ಬರೆ,” ಎಂದರು, “ಈಗ ಬರೆದ್ರೆ ಸರಿಯಾದೀತು.”