ಪ್ಯಾಟರ್ನ್ ಮಾಡುವವನ ಮಗ

ಬೆಳಗಾವಿಯ ಉದ್ಯಮಬಾಗದ ಕಡೆ ಓಡಾಡುವವರಿಗೆ ‘ಪ್ಯಾಟರ್ನ್’ ಎಂಬ ಶಬ್ದ ಹೊಸದೇನಲ್ಲ. ಅಲ್ಲಿ ಎರಕದ ಕಾರ್ಖಾನೆಗಳು, ಜನರ ಮಾತಿನಲ್ಲಿ ಹೇಳುವುದಾದರೆ ಫೌಂಡ್ರಿಗಳು, ಸಾಕಷ್ಟಿವೆ. ಕರಗಿದ ಕಬ್ಬಿಣವನ್ನು ಹೊಯ್ಯಬೇಕಾದರೆ ಮರಳಿನಲ್ಲಿ ಒಂದು ಪೊಳ್ಳು ಬೇಕು. ಆ ಪೊಳ್ಳು ಮೂಡಬೇಕಾದರೆ ಬೇಕಾದ ಭಾಗದ ಆಕಾರದ್ದೇ ಒಂದು ಮರದ ಅಥವಾ ಅಲ್ಯುಮಿನಿಯಂ ಮಾದರಿಯನ್ನು ಮರಳಿನಲ್ಲಿಟ್ಟು ಗಟ್ಟಿಯಾಗಿ ತುಂಬಿ, ಆಮೇಲೆ ಹೊರತೆಗೆಯಬೇಕು. ಆ ಮಾದರಿಯೇ ಪ್ಯಾಟರ್ನ್. ಅದನ್ನು ಮಾಡುವ ಕುಶಲಿಗಳದು ಒಂದು ಬೇರೆಯೇ ಕಸುಬು.

ಇದೇ ಊರಿನಲ್ಲಿ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂಜಿನಿಯರಿಂಗ್ ಓದುವ ಕಂಪ್ಯೂಟರ್ ವಿಭಾಗದ ಹುಡುಗರ ಬಾಯಲ್ಲೂ ಈಗ ‘ಪ್ಯಾಟರ್ನ್’ ಎಂಬ ಶಬ್ದವೇ ಓಡಾಡುತ್ತದೆ. ‘ಡಿಸೈನ್ ಪ್ಯಾಟರ್ನ್’ ಎಂಬುದು ಅದರ ಪೂರ್ತಿ ಹೆಸರು. ಹೆಸರು ಒಂದೇ ಆದರೂ ಅರ್ಥ ಒಂದೇ ಅಲ್ಲ. ಖಾನಾಪುರದ ಒಂದು ಮನೆಯಲ್ಲಿ ಮಾತ್ರ ಈ ಎರಡು ಅರ್ಥಗಳೂ ಒಂದೇ ಸೂರಿನ ಕೆಳಗೆ ಬಾಳುತ್ತಿವೆ. ತಂದೆ ಮೂವತ್ತು ವರ್ಷಗಳಿಂದ ಉದ್ಯಮಬಾಗದಲ್ಲಿ ಸಾಗವಾನಿ ಕೆತ್ತಿ ಪ್ಯಾಟರ್ನ್ ಮಾಡುವವರು. ಮಗ ಬೆಳಗಾವಿಯಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ. ಇಬ್ಬರೂ ದಿನಾ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿಯನ್ನು ರೈಲಿನಲ್ಲೋ ಬಸ್ಸಿನಲ್ಲೋ ಹೋಗಿಬರುವವರು.

ತಂದೆಯ ಪೆಟ್ಟಿಗೆಯಲ್ಲಿ ಒಂದು ವಿಚಿತ್ರ ಅಳತೆಪಟ್ಟಿ ಇದೆ. ಶಾಲೆಯ ಅಳತೆಪಟ್ಟಿಯ ಪಕ್ಕಕ್ಕಿಟ್ಟರೆ ಅದರ ಗೆರೆಗಳು ಹೊಂದುವುದೇ ಇಲ್ಲ. ಎರಕದ ಬೂದು ಕಬ್ಬಿಣ ಆರಿ ಗಟ್ಟಿಯಾಗುವಾಗ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ. ಅಲ್ಯುಮಿನಿಯಂ ಆದರೆ ಸುಮಾರು 13. ಆ ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗೆರೆ ಎಳೆದ ಪಟ್ಟಿ ಅದು. ನಾಳೆ ಆಗುವ ಬದಲಾವಣೆಗೆ ಇವತ್ತೇ ಜಾಗ ಬಿಡುವುದು ಈ ಕಸುಬಿನ ಜೀವಾಳ. ಆದರೆ ಎಷ್ಟು ಬಿಡಬೇಕೆಂಬುದು ಲೋಹಕ್ಕೆ ತಕ್ಕಂತೆ ಗೊತ್ತಿರುವ ಲೆಕ್ಕ, ಊಹೆಯಲ್ಲ.

ಇನ್ನು ಮಗನ ವಿದ್ಯೆಗೆ ಬರೋಣ. ದೊಡ್ಡ ತಂತ್ರಾಂಶವನ್ನು ಒಂದೇ ಉದ್ದನೆಯ ಸೂಚನೆಗಳ ಪಟ್ಟಿಯಾಗಿ ಬರೆದರೆ ನಿಭಾಯಿಸುವುದು ಕಷ್ಟ. ಅದರ ಬದಲು ‘ಬಿಲ್ಲು’, ‘ಗಿರಾಕಿ’, ‘ಸರಕು’ ಎಂದು ತಮ್ಮ ಮಾಹಿತಿಯನ್ನೂ ಕೆಲಸವನ್ನೂ ತಾವೇ ಇಟ್ಟುಕೊಂಡಿರುವ ತುಂಡುಗಳಾಗಿ ಕಟ್ಟುವ ಕ್ರಮ 1960ರ ದಶಕದಲ್ಲಿ ನಾರ್ವೆಯ ಸಿಮ್ಯುಲಾ ಭಾಷೆಯಿಂದ ಆರಂಭವಾಯಿತು. ಈ ತುಂಡುಗಳಿಗೆ ಆಬ್ಜೆಕ್ಟ್ ಎಂದು ಹೆಸರು. ಅವುಗಳನ್ನು ಎರಕ ಹೊಯ್ಯುವ ಅಚ್ಚಿಗೆ ಕ್ಲಾಸ್ ಎನ್ನುತ್ತಾರೆ. ಉದ್ಯಮಬಾಗದ ಪ್ಯಾಟರ್ನಿಗೆ ಹತ್ತಿರದ ನೆಂಟ ಈ ಕ್ಲಾಸೇ ಹೊರತು ಡಿಸೈನ್ ಪ್ಯಾಟರ್ನ್ ಅಲ್ಲ. ಅನೇಕ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಡಿಸೈನ್ ಪ್ಯಾಟರ್ನ್ ಎಂಬುದು ನಕಲು ಇಳಿಸಿಕೊಳ್ಳುವ ಅಚ್ಚಲ್ಲ. ಅಚ್ಚು ಮಾಡುವವನ ತಲೆಯೊಳಗಿನ ತಿಳಿವಳಿಕೆ. ‘ಇಂಥಲ್ಲಿ ಒಳಬಾಗು ಬಂದರೆ ಮಾದರಿ ಮರಳಿನಿಂದ ಏಳುವುದಿಲ್ಲ, ಆ ಭಾಗವನ್ನು ಬಿಡಿ ತುಂಡಾಗಿ ಮಾಡು’ ಎನ್ನುತ್ತಾನಲ್ಲ ಅನುಭವಸ್ಥ, ಅಂಥದ್ದು. ತೊಡಕು ಒಂದೇ ಬಗೆಯದು, ಪರಿಹಾರದ ದಾರಿಯೂ ಒಂದೇ. ಆದರೆ ಪ್ರತಿಸಲ ಹೊಸದಾಗಿ ಕೆತ್ತಬೇಕು.

ಈ ವಿಚಾರ ಮೊದಲು ಹುಟ್ಟಿದ್ದು ಕಂಪ್ಯೂಟರಿನವರಲ್ಲಿ ಅಲ್ಲ, ಮನೆ ಕಟ್ಟುವವರಲ್ಲಿ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿ 1977ರಲ್ಲಿ ಸಂಗಡಿಗರೊಂದಿಗೆ ಹೊರತಂದ ಗ್ರಂಥದಲ್ಲಿ 253 ಪ್ಯಾಟರ್ನುಗಳಿವೆ. ಪ್ರತಿ ಕೋಣೆಗೂ ಎರಡು ಕಡೆಯಿಂದ ಬೆಳಕು ಬರಲಿ ಎಂಬುದು ಅವುಗಳಲ್ಲಿ ಒಂದು. ಅದು ನಕ್ಷೆಯಲ್ಲ. ಖಾನಾಪುರದ ಹೆಂಚಿನ ಮನೆ ಅದನ್ನು ಒಂದು ರೀತಿಯಲ್ಲಿ ಪಾಲಿಸೀತು, ಬೆಳಗಾವಿಯ ತಾರಸಿ ಮನೆ ಇನ್ನೊಂದು ರೀತಿಯಲ್ಲಿ. 1987ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಇದನ್ನು ತಂತ್ರಾಂಶಕ್ಕೆ ಅನ್ವಯಿಸಿ ನೋಡಿದರು. 1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೀಸ್ ಎಂಬ ನಾಲ್ವರು 23 ಪ್ಯಾಟರ್ನುಗಳ ಪುಸ್ತಕ ತಂದರು. ಇವನ್ನು ಅವರು ಕೂತು ಸೃಷ್ಟಿಸಿದ್ದಲ್ಲ. ಒಳ್ಳೆಯ ತಂತ್ರಾಂಶಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡದ್ದನ್ನು ಆಯ್ದು ಹೆಸರಿಟ್ಟದ್ದು. ಪ್ರತಿಯೊಂದಕ್ಕೂ ಯಾವಾಗ ಬಳಸಬೇಕು, ಬಳಸಿದರೆ ತೆರಬೇಕಾದ ಬೆಲೆ ಏನು ಎಂದೂ ಬರೆದರು. ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟು ಮುಂದಕ್ಕೆ ಹಾರುವುದು ಇದೇ ಪುಟಗಳನ್ನು. ಸಂದರ್ಶನದಲ್ಲಿ ಕೇಳುತ್ತಾರೆಂದು ಇಪ್ಪತ್ತಮೂರನ್ನೂ ಮಗ್ಗಿಯಂತೆ ಉರುಹೊಡೆಯುವುದು, ಅದಕ್ಕೆಂದು ಪಾಲಕರು ಬೇರೆ ಕ್ಲಾಸಿಗೆ ಹಣ ಕಟ್ಟುವುದು ಈಗಿನ ರೂಢಿ.

ಖಾನಾಪುರದ ಹುಡುಗನೂ ಉರುಹೊಡೆದಿದ್ದ. ಕೊನೆಯ ವರ್ಷದ ಪ್ರಾಜೆಕ್ಟಿಗೆ ತನ್ನ ಸೋದರಮಾವನ ವ್ಯಾಪಾರವನ್ನೇ ಆರಿಸಿಕೊಂಡ. ಖಾನಾಪುರದ ಮಣ್ಣು ಹೆಸರಾದದ್ದು. ಇಟ್ಟಿಗೆ, ಹೆಂಚು, ಮಡಕೆ ಎಲ್ಲಕ್ಕೂ ಬಂತು. ಗ್ರಾಮೀಣ ಕುಂಬಾರಿಕೆಯ ಕೇಂದ್ರ ತರಬೇತಿ ಸಂಸ್ಥೆ ಈ ಊರಿಗೆ ಬಂದದ್ದು ಸುಮ್ಮನೆ ಅಲ್ಲ. ಮಾವನದು ಇಟ್ಟಿಗೆ, ಹೆಂಚುಗಳ ಮಾರಾಟ. ಖಾನಾಪುರದಲ್ಲೊಂದು, ಬೆಳಗಾವಿಯಲ್ಲೊಂದು ಅಂಗಡಿ. ಅಳಿಯ ಬಿಲ್ಲಿನ ತಂತ್ರಾಂಶ ಮಾಡಿಕೊಟ್ಟ. ಮಾವ ಅದನ್ನು ನಂಬಿ ಕೈಬರಹದ ಪಾವತಿ ಪುಸ್ತಕವನ್ನು ಕಪಾಟಿಗೆ ಹಾಕಿದ.

ಒಂದು ರಾತ್ರಿ ತಂದೆಯ ಕಣ್ಣು ಗೋಡೆಗೆ ಅಂಟಿಸಿದ ನಕ್ಷೆಯ ಮೇಲೆ ಬಿತ್ತು. 41 ಚೌಕಗಳು, ಅವುಗಳ ನಡುವೆ ಜೇಡರ ಬಲೆಯಂತೆ ಗೆರೆಗಳು.

‘ಇಷ್ಟೆಲ್ಲಾ ಚೌಕ ಯಾಕಪಾ?’

‘ನಾಳೆ ಏನರ ಬದಲಾದ್ರ ಇರಲಿ ಅಂತ, ಅಪ್ಪಾ.’

‘ಬದಲಾಗತೈತಿ ಅಂತ ಯಾರು ಹೇಳ್ಯಾರ? ನಿಮ್ಮ ಮಾಮಾ ಹೇಳ್ಯಾನೇನು?’

ಮಾಮಾ ಹೇಳಿರಲಿಲ್ಲ. ಹುಡುಗ ಕೇಳಿಯೂ ಇರಲಿಲ್ಲ.

‘ಹಂಗಾರ ಮೊದಲ ಕೇಳು. ಬದಲಾಗೂ ಕಡೆ ಕೋರ್ ಇಡು, ಉಳಿದದ್ದು ಗಟ್ಟಿ ಇರಲಿ.’

ಕೋರ್ ಎಂದರೆ ಎರಕದ ಒಳಗೆ ಪೊಳ್ಳು ಬಿಡಲು ಇಡುವ ಮರಳಿನ ಗಟ್ಟಿ. ಪಂಪಿನ ಮೈ ಒಂದೇ ಇದ್ದು ಒಳಗಿನ ತೂತಿನ ಆಕಾರ ಮಾತ್ರ ಬೇರೆ ಬೇರೆ ಬೇಕಾದಾಗ ಪೂರ್ತಿ ಪ್ಯಾಟರ್ನನ್ನು ಮತ್ತೆ ಮಾಡುವುದಿಲ್ಲ, ಕೋರ್ ಬದಲಿಸುತ್ತಾರೆ. ಕೋರ್ ಕೂರುವ ಎರಡು ತುದಿಗಳ ಅಳತೆ ಮಾತ್ರ ಎಂದೂ ಬದಲಾಗಕೂಡದು. ಇದು ತಂದೆಗೆ ದಿನದ ಕೆಲಸ. ಇದೇ ಏರ್ಪಾಡಿಗೆ ಮಗನ ಪುಸ್ತಕದಲ್ಲಿ ‘ಸ್ಟ್ರಾಟಜಿ’ ಎಂಬ ಹೆಸರು ಇತ್ತೆಂಬುದು ಅವರಿಬ್ಬರಿಗೂ ಹೊಳೆದದ್ದು ಅಂದೇ.

ಮಾವನನ್ನು ಕೇಳಿದಾಗ ಉತ್ತರ ಥಟ್ಟನೆ ಬಂತು: ‘ಅಳಿಯಾ, ಇಟ್ಟಂಗಿ ಯಾವಾಗಿದ್ರೂ ಇಟ್ಟಂಗೀನ. ಗಾಡಿ ಬಾಡಿಗಿ ಮಾತ್ರ ದಿನಾ ಒಂದ್ ನಮೂನಿ.’ ಬೆಳಗಾವಿ ದಾರಿಗೆ ಕಿಲೋಮೀಟರ್ ಲೆಕ್ಕ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆಗೆ ಖೇಪಿನ ಲೆಕ್ಕ. ಗಿರಾಕಿಯದೇ ಟ್ರ್ಯಾಕ್ಟರ್ ಇದ್ದರೆ ಬಾಡಿಗೆಯೇ ಇಲ್ಲ. ಇದೆಲ್ಲವನ್ನೂ ಹುಡುಗ ಬಿಲ್ಲಿನ ಕ್ಲಾಸಿನೊಳಗೆ ‘ಹೀಗಿದ್ದರೆ ಹಾಗೆ, ಇಲ್ಲದಿದ್ದರೆ ಹೀಗೆ’ ಎಂಬ ಒಂದೇ ಉದ್ದನೆಯ ಏಣಿಯಾಗಿ ಬರೆದಿದ್ದ. ಮಳೆಗಾಲದ ದರ ಸೇರಿಸಲು ಹೋಗಿ ಒಂದು ಮೆಟ್ಟಿಲು ಕೆಟ್ಟು, ತನ್ನ ಟ್ರ್ಯಾಕ್ಟರಿನಲ್ಲೇ ಮಾಲು ಒಯ್ದ ಗುತ್ತಿಗೆದಾರನೊಬ್ಬನಿಗೆ ಬಾಡಿಗೆ ಬಿದ್ದಿತ್ತು. ಹತ್ತಾರು ವರ್ಷಗಳ ಗಿರಾಕಿ; ಅಂಗಡಿಯ ಮುಂದೆ ಮಾತು ಏರಿತು. ಮಾವ ಹಣ ಹಿಂತಿರುಗಿಸಿ ಅಳಿಯನ ಹೆಸರು ಎತ್ತಲಿಲ್ಲ. ಹುಡುಗನಿಗೆ ಹೆಚ್ಚು ನಾಟಿದ್ದು ಅದೇ. ವಿಪರ್ಯಾಸವೆಂದರೆ, ಏನೂ ಬದಲಾಗದ ಕಡೆ ಏಳೆಂಟು ಪ್ಯಾಟರ್ನುಗಳು ಮೆರೆಯುತ್ತಿದ್ದವು. ದಿನಾ ಬದಲಾಗುವ ಕಡೆ ಒಂದೂ ಇರಲಿಲ್ಲ.

ಈಗ ಪ್ರತಿ ಬಾಡಿಗೆಯ ಕ್ರಮವೂ ಒಂದೊಂದು ಬಿಡಿ ಆಬ್ಜೆಕ್ಟ್. ‘ಇಷ್ಟು ಇಟ್ಟಿಗೆ, ಇಂಥ ಊರು, ಬಾಡಿಗೆ ಎಷ್ಟು?’ ಎಂಬ ಒಂದೇ ಪ್ರಶ್ನೆಗೆ ಎಲ್ಲವೂ ಉತ್ತರ ಕೊಡುತ್ತವೆ. ಉತ್ತರಿಸಿದ್ದು ಯಾವುದೆಂದು ಬಿಲ್ಲು ವಿಚಾರಿಸುವುದಿಲ್ಲ. ಹೊಸ ಕ್ರಮ ಸೇರಿಸಿದರೆ ಹಳೆಯದಕ್ಕೆ ಕೈ ತಾಗುವುದಿಲ್ಲ. ಬೆಲೆಯೂ ಉಂಟು: ಕ್ಲಾಸುಗಳ ಸಂಖ್ಯೆ ಹೆಚ್ಚುತ್ತದೆ, ಓದುವವನು ನಾಲ್ಕು ಕಡೆ ನೋಡಬೇಕಾಗುತ್ತದೆ. ಕ್ರಮಗಳು ಎರಡೇ ಇದ್ದು ಎಂದೂ ಬದಲಾಗದಿದ್ದರೆ ಆ ಏಣಿಯೇ ವಾಸಿ.

ಇನ್ನುಳಿದವುಗಳಲ್ಲಿ ಹುಡುಗ ಮೊದಲು ಕಿತ್ತದ್ದು ‘ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ’ಯನ್ನು. ಒಂದಕ್ಕೊಂದು ಹೊಂದಬೇಕಾದ ವಸ್ತುಗಳ ಹಲವು ಕುಟುಂಬಗಳಿದ್ದಾಗ ಅದರ ಉಪಯೋಗ. ಇಲ್ಲಿದ್ದದ್ದು ಒಂದೇ ಕುಟುಂಬ. ‘ಅಬ್ಸರ್ವರ್’ ಕೂಡ ಹೋಯಿತು. ಒಂದು ಘಟನೆಯನ್ನು ಅನೇಕರಿಗೆ, ಅವರು ಯಾರೆಂಬ ಚಿಂತೆಯಿಲ್ಲದೆ ತಿಳಿಸಬೇಕಾದಾಗ ಅದು ಬೇಕು, ಪತ್ರಿಕೆಗೆ ಚಂದಾದಾರರು ಇದ್ದ ಹಾಗೆ. ದಾಸ್ತಾನು ಮುಗಿಯುತ್ತಿದೆ ಎಂದು ಇಲ್ಲಿ ತಿಳಿಯಬೇಕಾದವನು ಮಾವ ಒಬ್ಬನೇ. ಒಬ್ಬ ಓದುಗನಿಗಾಗಿ ಯಾರೂ ಚಂದಾ ವಿಭಾಗ ತೆರೆಯುವುದಿಲ್ಲ.

‘ಸಿಂಗಲ್ಟನ್’ನ ಕಥೆ ಸ್ವಲ್ಪ ವಿವರಿಸಬೇಕು, ಏಕೆಂದರೆ ಎಲ್ಲಕ್ಕಿಂತ ಸುಲಭವೆಂದು ವಿದ್ಯಾರ್ಥಿಗಳು ಮೊದಲು ಕಲಿಯುವುದು ಇದನ್ನೇ. ಒಂದು ಕ್ಲಾಸಿಗೆ ಒಂದೇ ಆಬ್ಜೆಕ್ಟ್ ಇರಲಿ, ಎಲ್ಲರೂ ಅದನ್ನೇ ಬಳಸಲಿ ಎಂಬ ಕಟ್ಟು ಇದು. ಬಿಲ್ಲಿನ ಸಂಖ್ಯೆ ಕೊಡುವ ಆಬ್ಜೆಕ್ಟನ್ನು ಹುಡುಗ ಹೀಗೆ ಮಾಡಿದ್ದ. ಸಂಖ್ಯೆ ಎರಡು ಸಲ ಬರುವುದೇ ಸಾಧ್ಯವಿಲ್ಲವೆಂದು ಅವನ ನಂಬಿಕೆ. ಆದರೆ ‘ಒಂದೇ’ ಎಂಬ ಮಾತು ಓಡುತ್ತಿರುವ ಒಂದು ಪ್ರೋಗ್ರಾಮಿನ ಒಳಗೆ ಮಾತ್ರ ನಿಜ. ಖಾನಾಪುರದ ಕಂಪ್ಯೂಟರಿನಲ್ಲಿ ಒಂದು, ಬೆಳಗಾವಿಯದರಲ್ಲಿ ಇನ್ನೊಂದು ಓಡುತ್ತಿತ್ತು; ಎರಡೂ ಒಂದೇ ಸಂಖ್ಯೆಯ ಬಿಲ್ಲು ಕೊಟ್ಟವು. ಮಾವನ ಹಳೆಯ ಪಾವತಿ ಪುಸ್ತಕದಲ್ಲಿ ಪರಿಹಾರ ಮೊದಲೇ ಇತ್ತು: ಊರಿಗೊಂದು ಅಕ್ಷರ, ಆಮೇಲೆ ಸಂಖ್ಯೆ. 23 ಪ್ಯಾಟರ್ನುಗಳ ಪುಸ್ತಕದ ನಾಲ್ವರಲ್ಲಿ ಒಬ್ಬರಾದ ಗಾಮಾ ಅವರೇ 2009ರ ಸಂದರ್ಶನವೊಂದರಲ್ಲಿ ಸಿಂಗಲ್ಟನ್ನನ್ನು ಪಟ್ಟಿಯಿಂದ ಕೈಬಿಡುವ ಪರವಾಗಿ ಮಾತಾಡಿದ್ದಾರೆ. ಇದನ್ನು ಕ್ಲಾಸುಗಳಲ್ಲಿ ಹೇಳಿಕೊಟ್ಟರೆ ಒಳ್ಳೆಯದಿತ್ತು.

ಎಲ್ಲವನ್ನೂ ಕಿತ್ತೊಗೆದನೆಂದು ತಿಳಿಯಬಾರದು. ಹಳೆಯ ಗಿರಾಕಿಗಳ ಹೆಸರುಗಳೆಲ್ಲ ಹಿಂದೆ ‘ನುಡಿ’ಯ ಹಳೆಯ ಅಕ್ಷರ ಸಂಕೇತದಲ್ಲಿ ಬೆರಳಚ್ಚಾಗಿದ್ದವು. ಹೊಸ ತಂತ್ರಾಂಶಕ್ಕೆ ಯೂನಿಕೋಡ್ ಬೇಕು. ಹಳೆಯದನ್ನು ನೇರವಾಗಿ ತೆರೆದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ಚಿತ್ರಾನ್ನ. ನಡುವೆ ಒಬ್ಬ ದುಭಾಷಿಯನ್ನು ಕೂಡಿಸಿ, ಹಳೆಯ ಪಟ್ಟಿ ಹೊಸ ಪಟ್ಟಿಯಂತೆಯೇ ಮಾತಾಡುವ ಹಾಗೆ ಮಾಡಿದ. ಇದು ‘ಅಡಾಪ್ಟರ್’. ತಾನು ಬದಲಿಸಲಾಗದ ಹಳೆಯದೂ ಅದನ್ನು ಅರಿಯದ ಹೊಸದೂ ಕೂಡಬೇಕಾದಲ್ಲಿ ಇದಕ್ಕಿಂತ ಸರಳ ಉಪಾಯ ವಿರಳ.

ಆಡುವ ಭಾಷೆಯ ಮೇಲೂ ಇದು ನಿಂತಿದೆ. 23ರಲ್ಲಿ 16 ಪ್ಯಾಟರ್ನುಗಳು ಲಿಸ್ಪ್‌ನಂಥ ಭಾಷೆಗಳಲ್ಲಿ ಬಹಳ ಸರಳವಾಗುತ್ತವೆ ಅಥವಾ ಕಾಣದಂತೆ ಕರಗುತ್ತವೆ ಎಂದು ಪೀಟರ್ ನಾರ್ವಿಗ್ 1996ರಲ್ಲಿಯೇ ತೋರಿಸಿದ್ದರು. ಪೈಥಾನ್‌ನಲ್ಲಿ ಬಾಡಿಗೆಯ ಕ್ರಮಗಳನ್ನು ಕ್ಲಾಸುಗಳಾಗಿ ಮಾಡದೆ ಬರಿಯ ಫಂಕ್ಷನ್ನುಗಳಾಗಿ ಕೊಟ್ಟರೂ ಕೆಲಸ ನಡೆಯುತ್ತದೆ. ಜಾವಾ ಪುಸ್ತಕದ ಚಿತ್ರವನ್ನು ಪೈಥಾನ್‌ಗೆ ಹಾಗೆಯೇ ಇಳಿಸುವುದು ಕಬ್ಬಿಣದ ಅಳತೆಪಟ್ಟಿ ಹಿಡಿದು ಅಲ್ಯುಮಿನಿಯಂ ಭಾಗಕ್ಕೆ ಪ್ಯಾಟರ್ನ್ ಮಾಡಿದ ಹಾಗೆ.

ಮೌಖಿಕ ಪರೀಕ್ಷೆಗೆ ಹೋಗುವ ಹೊತ್ತಿಗೆ ನಕ್ಷೆಯಲ್ಲಿ ಉಳಿದದ್ದು 17 ಚೌಕಗಳು. ಇಷ್ಟು ಕಡಿಮೆಯಾದರೆ ಅಂಕ ಹೋದಾವೆಂದು ಹುಡುಗನ ತಾಯಿಗೆ ಆತಂಕ. ಪರೀಕ್ಷಕರು ಅಬ್ಸರ್ವರ್ ಏಕಿಲ್ಲವೆಂದು ಕೇಳಿದರು. ಹುಡುಗ ಒಬ್ಬ ಓದುಗನ ಮಾತು ಹೇಳಿದ. ಮುಂದಿನ ಪ್ರಶ್ನೆಗಳೆಲ್ಲ ಗಾಡಿ ಬಾಡಿಗೆಯ ಮೇಲೆಯೇ ಬಂದವು.

ಮಾವನದು ಈಗ ಹೊಸ ಬೇಡಿಕೆ. ಖಾನಾಪುರದ ಗಿರಾಕಿಗಳಲ್ಲಿ ಮರಾಠಿ ಓದುವವರು ಬಹಳ; ಬಿಲ್ಲು ಮರಾಠಿಯಲ್ಲೂ ಬರಬೇಕು. ಇದಕ್ಕೆ ಯಾವ ಪ್ಯಾಟರ್ನ್ ಎಂದು ಹುಡುಗ ಪುಸ್ತಕ ತೆರೆದವನು ಮತ್ತೆ ಮುಚ್ಚಿಟ್ಟಿದ್ದಾನೆ. ಎರಡು ಅಂಕಣಗಳ ಒಂದು ಶಬ್ದಪಟ್ಟಿ ಸಾಕಾಗಬಹುದೆಂದು ಅವನ ಲೆಕ್ಕ. ಪಟ್ಟಿ ಬರೆಯುವ ಕೆಲಸ ತಾಯಿಯ ಪಾಲಿಗೆ ಬಂದಿದೆ, ಮನೆಯಲ್ಲಿ ಚೆನ್ನಾಗಿ ಮರಾಠಿ ಬರೆಯಬಲ್ಲವರು ಅವರೊಬ್ಬರೇ.